ಸೋಲಾರ್ ಪ್ಯಾನೆಲ್ ಕೆಳಗಿನ ಪರ್ಲಿನ್, ಬ್ರಾಕೆಟ್: ಸದ್ದು, ತುಕ್ಕು, ಸೋರಿಕೆ ಕಂಡರೆ ಎಲ್ಲಿಂದ ಹುಡುಕಬೇಕು

ಸೋಲಾರ್ ಹಾಕಿಸಿದವರು ದಿನಾ ನೋಡುವುದು ಮೊಬೈಲಿನಲ್ಲಿ ಬರುವ ಯೂನಿಟ್ ಲೆಕ್ಕವನ್ನು. ಪ್ಯಾನೆಲ್ ಹೊತ್ತು ನಿಂತ ಕಬ್ಬಿಣವನ್ನು ತಿರುಗಿ ನೋಡುವವರು ಕಡಿಮೆ. ಮುಂಬೈಯ ಉಪ್ಪುಗಾಳಿಗೂ ಮಳೆಗಾಲದ ಬಿರುಸಿಗೂ ಮೊದಲು ಸೋಲುವುದು ಆ ಕಬ್ಬಿಣವೇ. ಅದರಲ್ಲೂ ಪಟ್ಟಿ ನಟ್ಟನಡುವೆ ಮುರಿಯುವುದು ಅಪರೂಪ. ಎರಡು ತುಂಡು ಸೇರುವ ಜಾಗದಲ್ಲೇ ತೊಂದರೆ ಶುರುವಾಗುತ್ತದೆ: ಕ್ಲ್ಯಾಂಪಿನಲ್ಲಿ, ಬ್ರಾಕೆಟಿನಲ್ಲಿ, ಬೇಸ್‌ಪ್ಲೇಟಿನ ಬುಡದಲ್ಲಿ.

ಹಾಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಡಿಲ ಕಂಡ ಕೂಡಲೇ ಪಾನಾ ಹಿಡಿದು ತಿರುಗಿಸಬೇಡಿ. ಯಾಕೆ ಸಡಿಲ ಆಯಿತು ಅಂತ ಗೊತ್ತಾಗದೆ ಬಿಗಿ ಮಾಡಿದರೆ ಸದ್ದು ನಿಲ್ಲುತ್ತದೆ, ಕಾರಣ ಅಲ್ಲೇ ಉಳಿಯುತ್ತದೆ. ಕೆಲವೊಮ್ಮೆ ಗಾಜೂ ಹೋಗುತ್ತದೆ.

ಹೆಸರುಗಳು ಗೊತ್ತಿದ್ದರೆ ಮುಂದೆ ಓದಲು ಸುಲಭ. ತಾರಸಿಯ ಮೇಲೆ ನಿಂತದ್ದು ಕಾಲು. ಕಾಲಿನ ಬುಡಕ್ಕೆ ಬೇಸ್‌ಪ್ಲೇಟ್. ಕಾಲುಗಳ ಮೇಲೆ ಇಳಿಜಾರಾಗಿ ಹೋಗುವುದು ರಾಫ್ಟರ್. ರಾಫ್ಟರ್‌ಗಳ ಮೇಲೆ ಅಡ್ಡಲಾಗಿ ಮಲಗಿದ ಸಿ ಆಕಾರದ ಪಟ್ಟಿಯೇ ಪರ್ಲಿನ್. ಪರ್ಲಿನ್ನನ್ನು ರಾಫ್ಟರ್‌ಗೆ ಹಿಡಿಸುವ ಎಲ್ ಆಕಾರದ ತುಂಡು ಬ್ರಾಕೆಟ್, ಕೆಲಸದವರು ಕ್ಲೀಟ್ ಅಂತಲೂ ಹೇಳುತ್ತಾರೆ. ಪ್ಯಾನೆಲ್ಲನ್ನು ಪರ್ಲಿನ್‌ಗೆ ಹಿಡಿಸುವುದು ಕ್ಲ್ಯಾಂಪ್. ಸಾಲಿನ ತುದಿಯಲ್ಲಿ ಎಂಡ್ ಕ್ಲ್ಯಾಂಪ್, ಎರಡು ಪ್ಯಾನೆಲ್ ನಡುವೆ ಮಿಡ್ ಕ್ಲ್ಯಾಂಪ್.

ಮೇಲೆ ಹತ್ತುವ ಮೊದಲು

ಬಿಸಿಲು ಇರುವಷ್ಟು ಹೊತ್ತೂ ಪ್ಯಾನೆಲ್‌ನಲ್ಲಿ ಕರೆಂಟ್ ಇರುತ್ತದೆ. ಇನ್ವರ್ಟರ್ ಆಫ್ ಮಾಡಿದರೂ ಇರುತ್ತದೆ. ಈಗಿನ 540 ವಾಟ್ ಪ್ಯಾನೆಲ್ 10 ಒಂದು ಸರಣಿಯಲ್ಲಿದ್ದರೆ ಸುಮಾರು 500 ವೋಲ್ಟ್ ಡಿಸಿ. ಮನೆಯ 230 ವೋಲ್ಟಿಗಿಂತ ಇದು ಕೆಟ್ಟದ್ದು, ಯಾಕೆಂದರೆ ಡಿಸಿ ಕಿಡಿ ಒಮ್ಮೆ ಹತ್ತಿತು ಅಂದರೆ ಬೇಗ ಆರುವುದಿಲ್ಲ. ಆದ್ದರಿಂದ ಕಬ್ಬಿಣದ ಕೆಲಸಕ್ಕೆ ಹೋಗುವಾಗಲೂ ಮೊದಲು ಎಸಿ, ಆಮೇಲೆ ಡಿಸಿ ಸ್ವಿಚ್ ಆಫ್ ಮಾಡಿ. ಪ್ಯಾನೆಲ್ ಕೆಳಗಿನ ಕಪ್ಪು ಕನೆಕ್ಟರ್‌ಗಳನ್ನು ಎಳೆಯಬೇಡಿ.

ಒದ್ದೆ ತಾರಸಿ, ಗಾಳಿ, ಗುಡುಗು ಇದ್ದರೆ ಹತ್ತಬೇಡಿ. ಪ್ಯಾರಾಪೆಟ್ ಪಕ್ಕದ ಸಾಲು ನೋಡಬೇಕಾದರೆ ಸೇಫ್ಟಿ ಬೆಲ್ಟ್ ಬೇಕೇಬೇಕು, ಅದನ್ನು ಸೋಲಾರ್ ಸ್ಟ್ರಕ್ಚರ್‌ಗೆ ಕಟ್ಟಬಾರದು. ಪ್ಯಾನೆಲ್ ಮೇಲೆ ಕಾಲಿಡಬೇಡಿ, ಪರ್ಲಿನ್ ಮೇಲೆ ನಿಲ್ಲಬೇಡಿ. ನೋಡಿ ಪತ್ತೆ ಹಚ್ಚುವ ಕೆಲಸಕ್ಕೆ ದಾರದ ಉಂಡೆ, ಅಳತೆ ಟೇಪು, ಒಂದು ಅಯಸ್ಕಾಂತ, ಪೇಂಟ್ ಮಾರ್ಕರ್, ಮೊಬೈಲ್ ಕ್ಯಾಮೆರಾ ಸಾಕು. ಅರ್ಧಕ್ಕಿಂತ ಜಾಸ್ತಿ ತೊಂದರೆಗಳು ಇಷ್ಟರಲ್ಲೇ ಗೊತ್ತಾಗುತ್ತವೆ.

ಮೇಲಿಂದ ಸದ್ದು ಬರುತ್ತಿದೆ

ಮುಲುಂಡ್‌ನ ಒಬ್ಬ ಹೋಟೆಲ್ ಮಾಲೀಕರು ಫೋನ್ ಮಾಡಿದ್ದು ಹೀಗೆ: "ಮಾರಾಯ್ರೇ, ರಾತ್ರಿ ಗಾಳಿ ಬಂದ್ರೆ ಮೇಲೆ ಯಾರೋ ನಡೆದ ಹಾಗೆ ಸದ್ದು. ಹುಡುಗರು ಮಲಗ್ಲಿಕ್ಕೆ ಕೇಳುದಿಲ್ಲ." ಇಂಥ ಫೋನ್ ಬಂದಾಗ ನಾನು ಮೊದಲು ಕೇಳುವುದು, ಯಾವ ಹೊತ್ತಿಗೆ ಸದ್ದು, ಎಂಥ ಸದ್ದು ಅಂತ.

ಬೆಳಿಗ್ಗೆ ಬಿಸಿಲೇರುವಾಗ, ಸಂಜೆ ಸೂರ್ಯ ಇಳಿದ ಮೇಲೆ, ಗಾಳಿ ಇಲ್ಲದಿದ್ದರೂ ಬಿಟ್ಟುಬಿಟ್ಟು 'ಟಕ್' ಅಂದರೆ ಅದು ಲೋಹ ಹಿಗ್ಗಿ ಕುಗ್ಗುವ ಸದ್ದು. ಬೆಳಗಿನ 25 ಡಿಗ್ರಿಯಿಂದ ಮಧ್ಯಾಹ್ನ 60 ಡಿಗ್ರಿಗೆ ಹೋದರೆ 10 ಮೀಟರ್ ಉದ್ದದ ಉಕ್ಕಿನ ಪರ್ಲಿನ್ ಸುಮಾರು 4 ಮಿಲಿಮೀಟರ್ ಉದ್ದವಾಗುತ್ತದೆ. ಅಲ್ಯೂಮಿನಿಯಂ ರೈಲ್ ಆದರೆ ಅದರ ದುಪ್ಪಟ್ಟು. ಇದಕ್ಕೆ ಹೆದರಬೇಕಿಲ್ಲ. ಆದರೆ ಉದ್ದದ ಸಾಲಿನಲ್ಲಿ ಎಲ್ಲೂ ಸಂದು ಬಿಡದೆ ಒಂದೇ ಪಟ್ಟಿಯಾಗಿ ಜೋಡಿಸಿದ್ದರೆ ಈ ಎಳೆದಾಟ ತುದಿಯ ಬ್ರಾಕೆಟ್ ಬೋಲ್ಟಿಗೆ ಬೀಳುತ್ತದೆ. ಸದ್ದು ವರ್ಷದಿಂದ ವರ್ಷಕ್ಕೆ ಜೋರಾಗುತ್ತಿದ್ದರೆ ಸಾಲಿನ ಎರಡು ತುದಿಗಳ ಬೋಲ್ಟ್ ರಂಧ್ರ ನೋಡಿ. ರಂಧ್ರ ಮೊಟ್ಟೆ ಆಕಾರಕ್ಕೆ ತಿರುಗಿದ್ದರೆ ಕೆಲಸದವರನ್ನು ಕರೆದು ನಡುವೆ ಸಂದು ಬಿಡಿಸಬೇಕು.

ಗಾಳಿ ಬಂದಾಗ ಸೀಟಿ ಹೊಡೆದ ಹಾಗೆ ಅಥವಾ 'ಗುಂಯ್' ಅಂದರೆ ಖಾಲಿ ಪೈಪಿನ ಬಾಯಿಯೋ, ಸಾಲು ತೂತಿನ ಚಾನೆಲ್ಲೋ ಕೂಗುತ್ತಿದೆ. ಪ್ಲಾಸ್ಟಿಕ್ ಎಂಡ್ ಕ್ಯಾಪ್ ಹಾಕಿದರೆ ಮುಗಿಯಿತು. ಈ ಪಟ್ಟಿಯಲ್ಲೇ ಅತಿ ಅಗ್ಗದ ರಿಪೇರಿ.

ಗಾಳಿಗೆ ತಾಳ ಹಾಕಿದಂತೆ 'ಕಟಕಟ' ಅಂದರೆ ಮಾತ್ರ ಏನೋ ಸಡಿಲ ಇದೆ. ಎಲ್ಲಿ ಅಂತ ಹುಡುಕಲು ಕೈಯೇ ಸಾಕು. ಪ್ಯಾನೆಲ್ ಚೌಕಟ್ಟಿನ ಅಂಚನ್ನು ಎರಡು ಬೆರಳಿನಿಂದ ಮೆಲ್ಲಗೆ ಮೇಲಕ್ಕೆ ಎತ್ತಿ ನೋಡಿ, ಗಾಜನ್ನು ಒತ್ತಬೇಡಿ. ಆಮೇಲೆ ಕ್ಲ್ಯಾಂಪಿನ ಅಂಚಿನ ಬಳಿ ಕಣ್ಣು ಹಾಯಿಸಿ. ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ, ಕ್ಲ್ಯಾಂಪ್ ಕೂತ ಜಾಗದ ಸುತ್ತ, ಪೆನ್ಸಿಲ್ ಪುಡಿಯಂಥ ಕಪ್ಪು ಮಸಿ ಬೆರಳಿಗೆ ಅಂಟಿದರೆ ಅಲ್ಲಿ ಉಜ್ಜಾಟ ನಡೆದಿದೆ ಅಂತ ಅರ್ಥ. ಧೂಳು ಒರೆಸಿದರೆ ಹೋಗುತ್ತದೆ, ಈ ಮಸಿ ಜಿಡ್ಡಿನಂತೆ ಹರಡುತ್ತದೆ. ಅದರ ಕೆಳಗೆ ಚೌಕಟ್ಟು ತೇದು ಹೊಳೆಯುತ್ತಿರುತ್ತದೆ. ಹಾಗಿದ್ದರೆ ಆ ಕ್ಲ್ಯಾಂಪ್ ಬಹಳ ದಿನದಿಂದ ಸಡಿಲ ಇದೆ.

ಸಿಕ್ಕ ಪ್ರತಿ ಸಡಿಲ ಬೋಲ್ಟಿಗೂ ಮೊದಲು ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ನಟ್ಟಿನಿಂದ ಹಿಡಿದು ವಾಷರ್ ದಾಟಿ ಕಬ್ಬಿಣದವರೆಗೆ ಒಂದೇ ಗೆರೆ. ಟಾರ್ಕ್ ರೆಂಚಿನಿಂದ (ಎಷ್ಟು ಬಲಕ್ಕೆ ಬಿಗಿಯಾಯಿತು ಅಂತ ತೋರಿಸುವ ಪಾನಾ) ಬಿಗಿ ಮಾಡಿದ ಮೇಲೆ ಇನ್ನೊಂದು ಬಣ್ಣದ ಗೆರೆ. 8 ಮಿಲಿಮೀಟರ್ ಬೋಲ್ಟಿನ ಕ್ಲ್ಯಾಂಪ್‌ಗಳಿಗೆ ಸಾಮಾನ್ಯವಾಗಿ 10ರಿಂದ 20 ನ್ಯೂಟನ್ ಮೀಟರ್ ನಡುವಿನ ಅಂಕಿ ಕೊಟ್ಟಿರುತ್ತಾರೆ. ನಿಮ್ಮ ಕ್ಲ್ಯಾಂಪ್ ಮಾಡಿದವರು ಬರೆದ ಅಂಕಿಯೇ ಕೊನೆಯ ಮಾತು. ಒಂದು ತಿಂಗಳ ಮೇಲೆ ನೋಡಿದಾಗ ಗೆರೆ ತುಂಡಾಗಿ ಆಚೀಚೆ ಸರಿದಿದ್ದರೆ ನಟ್ಟು ತಿರುಗುತ್ತಿದೆ. ಸ್ಪ್ರಿಂಗ್ ವಾಷರ್ ಚಪ್ಪಟೆಯಾಗಿರಬಹುದು, ಅಥವಾ ಉದ್ದ ತೂತಿನ ಮೇಲೆ ತೆಳ್ಳಗಿನ ವಾಷರ್ ಬಗ್ಗಿ ಒಳಗೆ ಕುಸಿದಿರಬಹುದು. ಉದ್ದ ತೂತಿಗೆ ದಪ್ಪನೆಯ ಪ್ಲೇಟ್ ವಾಷರ್ ಬೇಕು. 2 ರೂಪಾಯಿ ಉಳಿಸಲು ಹೋಗಿ ಇಲ್ಲಿ ಕೈ ಸುಟ್ಟುಕೊಳ್ಳುವವರು ತುಂಬಾ.

ಬೋಲ್ಟ್ ಬಿಗಿ ಇದೆ, ಪ್ಯಾನೆಲ್ ಮಾತ್ರ ಅಲ್ಲಾಡುತ್ತದೆ

ಇದು ಎಲ್ಲರನ್ನೂ ದಿಕ್ಕು ತಪ್ಪಿಸುವ ಲಕ್ಷಣ. ನಮ್ಮ ಜೊತೆ ಕೆಲಸ ಮಾಡುವ ವಿಜಯಪುರ ಕಡೆಯ ವೆಲ್ಡರ್ ಒಬ್ಬ ತಾರಸಿಯಿಂದ ಕೂಗಿ ಹೇಳಿದ್ದ: "ಅಣ್ಣಾರ, ಬೋಲ್ಟ್ ಟೈಟ್ ಐತ್ರಿ, ಪಾನಾ ಜಾರಾಕತ್ತೈತಿ. ಆದ್ರ ಪ್ಯಾನೆಲ್ ಅಳ್ಳಾಡತೈತಿ ನೋಡ್ರಿ." ಇಲ್ಲಿ ಇನ್ನಷ್ಟು ಬಲ ಹಾಕಿದರೆ ಬೋಲ್ಟ್ ತುಂಡಾಗುತ್ತದೆ, ಪ್ಯಾನೆಲ್ ಬಿಗಿಯಾಗುವುದಿಲ್ಲ.

ಮೊದಲು ಎಂಡ್ ಕ್ಲ್ಯಾಂಪಿನ ಎತ್ತರ ನೋಡಿ. ಪ್ಯಾನೆಲ್ ಚೌಕಟ್ಟು 30, 35, 40 ಮಿಲಿಮೀಟರ್ ಎತ್ತರದಲ್ಲಿ ಬರುತ್ತದೆ. 30ರ ಚೌಕಟ್ಟಿಗೆ 35ರ ಕ್ಲ್ಯಾಂಪ್ ಹಾಕಿದರೆ ಕ್ಲ್ಯಾಂಪಿನ ಕಾಲು ಮೊದಲೇ ಪರ್ಲಿನ್‌ಗೆ ತಾಗಿ ಕೂರುತ್ತದೆ. ಬೋಲ್ಟ್ ಬಿಗಿಯಾಯಿತು ಅನ್ನಿಸುತ್ತದೆ, ಆದರೆ ಚೌಕಟ್ಟಿನ ಮೇಲೆ ಸಂದು ಉಳಿದಿರುತ್ತದೆ. ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ ನೋಡಿ. ಕಾರ್ಡ್ ಹೋದರೆ ಕ್ಲ್ಯಾಂಪ್ ತಪ್ಪು ಅಳತೆಯದು. ಬದಲಿಸಬೇಕು, ಬೇರೆ ದಾರಿ ಇಲ್ಲ. ರಬ್ಬರ್ ತುಂಡು ಇಟ್ಟು ಎತ್ತರ ಸರಿ ಮಾಡುವುದನ್ನು ನೋಡಿದ್ದೇನೆ. ಬಿಸಿಲಿಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟ ಮೇಲೆ ಮತ್ತೆ ಅದೇ ಕತೆ.

ಕ್ಲ್ಯಾಂಪ್ ಅಳತೆ ಸರಿ ಇದ್ದರೆ ಎರಡನೇ ಸಂಶಯ ಸ್ಟೇನ್‌ಲೆಸ್ ಬೋಲ್ಟಿನ ಮೇಲೆ. ಸ್ಟೇನ್‌ಲೆಸ್ ನಟ್ಟನ್ನು ಸ್ಟೇನ್‌ಲೆಸ್ ಬೋಲ್ಟಿಗೆ ಒಣಗಿದ್ದಾಗಲೇ ಇಂಪ್ಯಾಕ್ಟ್ ಗನ್‌ನಿಂದ ಭರ್ರನೆ ತಿರುಗಿಸಿದರೆ ಎರಡರ ಮರೆಗಳು (ತಿರುಪಿನ ಸುತ್ತುಗಳು) ಒಂದಕ್ಕೊಂದು ಕಚ್ಚಿಕೊಂಡು ಜಾಮ್ ಆಗುತ್ತವೆ. ನಟ್ಟು ಅರ್ಧ ದಾರಿಯಲ್ಲೇ ನಿಂತಿರುತ್ತದೆ. ಟಾರ್ಕ್ ರೆಂಚ್ ಇಟ್ಟರೆ 'ಕ್ಲಿಕ್' ಅನ್ನುತ್ತದೆ, ಅಂಕಿ ಸರಿ ಬಂದ ಹಾಗೆ ತೋರಿಸುತ್ತದೆ. ಆದರೆ ಆ ಬಲವೆಲ್ಲ ಮರೆಯ ಉಜ್ಜಾಟಕ್ಕೇ ಹೋಗಿದೆ, ಪ್ಯಾನೆಲ್ಲನ್ನು ಒತ್ತಿ ಹಿಡಿಯಲು ಏನೂ ಉಳಿದಿಲ್ಲ. ಗುರುತು ಏನೆಂದರೆ ನಟ್ಟು ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ಇಂಥದ್ದನ್ನು ಕತ್ತರಿಸಿ ತೆಗೆದು ಹೊಸದು ಹಾಕಬೇಕು. ಹೊಸದಕ್ಕೆ ಜಾಮ್ ಆಗದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ಸ್ವಲ್ಪ ಸವರಿ, ಕೈಯಿಂದಲೇ ನಿಧಾನಕ್ಕೆ ತಿರುಗಿಸಿ. ಪೇಸ್ಟ್ ಹಾಕಿದ ಬೋಲ್ಟ್ ಕಡಿಮೆ ಟಾರ್ಕಿಗೇ ಬಿಗಿಯಾಗುತ್ತದೆ ಅನ್ನುವುದೂ ನೆನಪಿರಲಿ. ಗ್ರೈಂಡರ್ ಕಿಡಿ ಗಾಜಿಗೆ ಹಾರಿದರೆ ಚುಕ್ಕೆ ಬೀಳುತ್ತದೆ, ಅದಕ್ಕೆ ದಪ್ಪ ಗೋಣಿ ಒದ್ದೆ ಮಾಡಿ ಅಡ್ಡ ಹಿಡಿಯಲು ಇನ್ನೊಬ್ಬರು ಬೇಕು. ಒಬ್ಬರೇ ಮಾಡುವ ಕೆಲಸ ಅಲ್ಲ ಇದು.

ಚಾನೆಲ್ ಒಳಗೆ ಕೂರುವ ಸ್ಪ್ರಿಂಗ್ ನಟ್ ಪೂರ್ತಿ ತಿರುಗದೆ ಓರೆಯಾಗಿ ನಿಂತಿರುವುದು ಮೂರನೇ ಕಾರಣ. ಟಾರ್ಚ್ ಬಿಟ್ಟು ಕೆಳಗಿನಿಂದ ನೋಡಿದರೆ ಕಾಣುತ್ತದೆ.

ಸಾಲು ಬಾಗಿದ ಹಾಗೆ, ತಿರುಚಿದ ಹಾಗೆ ಕಾಣುತ್ತದೆ

ಕಣ್ಣಿನ ಅಂದಾಜು ನಂಬಬೇಡಿ. ಡೊಂಬಿವಲಿ, ಠಾಣೆ ಕಡೆಯ ತಾರಸಿಗಳು ಮಳೆನೀರು ಹರಿಯಲು ಇಳಿಜಾರಾಗಿಯೇ ಇರುತ್ತವೆ. ಅದರ ಎದುರು ನೇರ ಸಾಲೂ ವಾಲಿದ ಹಾಗೆ ಕಾಣುತ್ತದೆ. ಪರ್ಲಿನ್‌ನ ಒಂದು ಬ್ರಾಕೆಟಿನಿಂದ ಮುಂದಿನ ಬ್ರಾಕೆಟಿಗೆ ದಾರ ಬಿಗಿಯಾಗಿ ಎಳೆದು, ನಡುವೆ ಪಟ್ಟಿ ಎಷ್ಟು ಕೆಳಗಿದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಉಕ್ಕಿನ ಕಟ್ಟಡಗಳ ಐಎಸ್ 800 ಸಂಹಿತೆಯಲ್ಲಿ, ಮೇಲೆ ಒಡೆಯುವಂಥ ಹೊದಿಕೆ ಇದ್ದರೆ ಪರ್ಲಿನ್ ಬಾಗುವ ಮಿತಿ ಉದ್ದದ 180ನೇ ಒಂದು ಭಾಗ. 3 ಮೀಟರ್ ಅಂತರಕ್ಕೆ ಸುಮಾರು 17 ಮಿಲಿಮೀಟರ್. ಆ ಮಿತಿ ಗಾಳಿಯಂಥ ಭಾರ ಬಿದ್ದಾಗಿನದಕ್ಕೆ ಹೇಳಿದ್ದು. ಗಾಳಿ ಇಲ್ಲದೆ ಬರೀ ಪ್ಯಾನೆಲ್ ತೂಕಕ್ಕೇ ಅಷ್ಟು ಬಾಗಿದ್ದರೆ ಪಟ್ಟಿ ಸಾಲದು ಅಂತಲೇ.

ಬಾಗಲು ಕಾರಣ ಬಹಳ ಸಲ ಸರಳ. ಸಿ ಪರ್ಲಿನ್ ಎದ್ದು ನಿಂತಿರಬೇಕು, ಅಂದರೆ ಅದರ ಅಗಲದ ಬೆನ್ನು ಲಂಬವಾಗಿರಬೇಕು. ತೂತು ಕೊರೆಯಲು ಸುಲಭ ಅಂತ ಮಗುಚಿ ಮಲಗಿಸಿದ್ದರೆ ಅದರ ಬಲ ಎಷ್ಟೋ ಪಾಲು ಕಡಿಮೆ. ಎರಡನೆಯದು, ರಾಫ್ಟರ್ ಉಳಿಸಲು ಅಂತರ ಜಾಸ್ತಿ ಮಾಡಿರುವುದು. ಒಂದೇ ಪಟ್ಟಿ, ಮೀಟರಿಗೆ ಅಷ್ಟೇ ಭಾರ, ಅಂತರ ಮಾತ್ರ ಎರಡು ಪಟ್ಟು ಮಾಡಿದರೆ ಬಾಗುವುದು 16 ಪಟ್ಟು. ಮೂರನೆಯದು ದಪ್ಪ. ಬಿಲ್ಲಿನಲ್ಲಿ 2 ಮಿಲಿಮೀಟರ್ ಅಂತಿದ್ದು ವರ್ನಿಯರ್ ಇಟ್ಟರೆ 1.6 ಬರುವುದುಂಟು. ತುದಿಯಲ್ಲಿ ಕತ್ತರಿಸಿದ ಜಾಗದಲ್ಲಿ ಅಳೆದರೆ ಸುಳ್ಳು ಹೇಳಲು ಅದಕ್ಕೆ ಬಾಯಿ ಇಲ್ಲ.

ತಿರುಚಿದೆಯೇ ಅಂತ ನೋಡಲು ಇನ್ನೊಂದು ದಾರದ ಆಟ ಇದೆ. ಪ್ಯಾನೆಲ್‌ಗಳ ಇಡೀ ಹಾಸಿನ ನಾಲ್ಕು ಮೂಲೆಗೂ ಒಂದೇ ಎತ್ತರದ ಮರದ ತುಂಡು ಇಟ್ಟು, ಮೂಲೆಯಿಂದ ಎದುರು ಮೂಲೆಗೆ ಎರಡು ದಾರ ಕಟ್ಟಿ. ನಡುವೆ ಅವು ಒಂದನ್ನೊಂದು ಬರೀ ತಾಗಬೇಕು. ನಡುವೆ ಸಂದು ಇದ್ದರೆ, ಅಥವಾ ಒಂದು ಇನ್ನೊಂದನ್ನು ಒತ್ತುತ್ತಿದ್ದರೆ, ಹಾಸು ತಿರುಚಿದೆ. ಒಂದು ಕಾಲು ಕೂತಿದೆ ಅಥವಾ ಎದ್ದಿದೆ. ತಿರುಚಿದ ಸ್ಟ್ರಕ್ಚರ್ ಮೇಲೆ ಪ್ಯಾನೆಲ್ಲನ್ನು ಕ್ಲ್ಯಾಂಪಿನಿಂದ ಎಳೆದು ಕೂರಿಸಿದ್ದರೆ ಒಳಗಿನ ಸೆಲ್‌ಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಧೂಳು ತೊಳೆದು, ನೆರಳು ಇಲ್ಲ ಅಂತ ಖಾತ್ರಿಯಾದ ಮೇಲೂ ಒಂದೇ ಸಾಲಿನ ಯೂನಿಟ್ ಕಡಿಮೆ ಬರುತ್ತಿದ್ದರೆ ಈ ಕಡೆಗೂ ಸಂಶಯ ಇರಲಿ.

ಪರ್ಲಿನ್ ಎಲ್ಲಿ ಬಂದಿದೆ ಅನ್ನುವುದನ್ನೂ ಅಳೆದುಬಿಡಿ. ಹೆಚ್ಚಿನ ಪ್ಯಾನೆಲ್ ಕಂಪನಿಗಳು ಉದ್ದದ ಬದಿಯಲ್ಲಿ, ತುದಿಯಿಂದ ಐದನೇ ಒಂದು ಭಾಗದಿಂದ ನಾಲ್ಕನೇ ಒಂದು ಭಾಗದ ಆಸುಪಾಸಿನಲ್ಲಿ ಕ್ಲ್ಯಾಂಪ್ ಹಾಕಲು ಹೇಳುತ್ತವೆ. 2278 ಮಿಲಿಮೀಟರ್ ಉದ್ದದ ಪ್ಯಾನೆಲ್ಲಿಗೆ ಅದು ತುದಿಯಿಂದ ಸುಮಾರು 455ರಿಂದ 570 ಮಿಲಿಮೀಟರ್. ಅಂದರೆ ಎರಡು ಪರ್ಲಿನ್ ನಡುವೆ 1140ರಿಂದ 1370. ನಿಮ್ಮದು ಈ ಅಳತೆಯ ಹೊರಗಿದ್ದರೆ ಪ್ಯಾನೆಲ್ಲಿನ ಮ್ಯಾನ್ಯುಯಲ್ ತೆಗೆದು ನೋಡಿ. ವಾರಂಟಿ ಕೇಳಿದಾಗ ಕಂಪನಿಯವರು ಮೊದಲು ಫೋಟೋ ಕೇಳುವುದು ಇದನ್ನೇ.

ತುಕ್ಕು ಕಾಣುತ್ತಿದೆ

ತುಕ್ಕಿನ ಬಣ್ಣ, ಜಾಗ, ಹರಿದ ದಿಕ್ಕು, ಈ ಮೂರನ್ನು ಓದಿದರೆ ಕಾರಣ ತಾನಾಗಿ ಸಿಗುತ್ತದೆ.

ಹೊಸ ಪಟ್ಟಿಯ ಮೇಲೆ ಸುಣ್ಣದಂಥ ಬಿಳಿ ಪುಡಿ ಕಂಡರೆ ಅದು ಸತುವಿನ ತುಕ್ಕು. ಗೋಡೌನಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಾಗ ನಡುವೆ ನೀರು ನಿಂತದ್ದರಿಂದ ಬರುತ್ತದೆ. ನೈಲಾನ್ ಬ್ರಷ್‌ನಿಂದ ಉಜ್ಜಿ ಒಣಗಲು ಬಿಡಿ, ಸಾಮಾನ್ಯವಾಗಿ ಅಷ್ಟೇ ಸಾಕು.

ಕೆಂಪು ಗೆರೆ ಬೋಲ್ಟಿನಿಂದ ಕೆಳಕ್ಕೆ ಇಳಿದಿದ್ದರೆ, ಪಟ್ಟಿ ಬೂದು ಬಣ್ಣಕ್ಕೇ ಇದ್ದರೆ, ಬೋಲ್ಟ್ ಅಗ್ಗದ್ದು. ಅಯಸ್ಕಾಂತ ಹಿಡಿಯಿರಿ. 304 ದರ್ಜೆಯ ಸ್ಟೇನ್‌ಲೆಸ್ ಬೋಲ್ಟಿಗೆ ಅಯಸ್ಕಾಂತ ಅಂಟುವುದಿಲ್ಲ, ಅಂಟಿದರೂ ಒಲ್ಲದ ಮನಸ್ಸಿನಿಂದ. ಟಪ್ಪನೆ ಅಂಟಿದರೆ ಅದು ಪಾಲಿಷ್ ಹೊಡೆದ ಮಾಮೂಲಿ ಕಬ್ಬಿಣ. ಸಾಲಿನಲ್ಲಿ ನಾಲ್ಕಾರು ಇಂಥವು ಸಿಕ್ಕರೆ ಎಲ್ಲವನ್ನೂ ಪರೀಕ್ಷಿಸಿ, ಒಂದೊಂದಾಗಿ ಬದಲಿಸಿ. ಒಂದು ಪ್ಯಾನೆಲ್ಲಿನ ಎಲ್ಲ ಬೋಲ್ಟು ಒಟ್ಟಿಗೆ ಬಿಚ್ಚಬೇಡಿ. ಸಮುದ್ರಕ್ಕೆ ಎದುರಾಗಿರುವ ತಾರಸಿಗಳಲ್ಲಿ, ವರ್ಸೋವಾ, ದಾದರ್ ದಂಡೆ, ಗೋವಾದ ಕಡಲತೀರದಂಥ ಕಡೆ, 304ರ ಮೇಲೂ ಚಹಾ ಕಲೆಯಂಥ ಕಂದು ಬಣ್ಣ ಬರುತ್ತದೆ. ಮೇಲ್ಮೈ ಕಲೆ ಮಾತ್ರ ಆದರೆ ಅಪಾಯ ಇಲ್ಲ, ಆದರೆ ಮುಂದಿನ ಸಲ 316 ದರ್ಜೆ ಕೇಳಿ.

ಕೆಂಪು ಬಣ್ಣ ಪಟ್ಟಿಯ ತುದಿಯಲ್ಲಿ, ತೂತಿನ ಒಳಗೆ, ವೆಲ್ಡಿಂಗ್ ಹತ್ತಿರ ಮಾತ್ರ ಇದ್ದರೆ ಕೆಲಸ ಸೈಟಿನಲ್ಲಿ ಆಗಿದೆ. ಸರಿಯಾದ ಕ್ರಮದಲ್ಲಿ ಕತ್ತರಿಸುವುದು, ಕೊರೆಯುವುದು, ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಇಡೀ ತುಂಡನ್ನು ಕರಗಿದ ಸತುವಿನಲ್ಲಿ ಅದ್ದಬೇಕು. ಅದಕ್ಕೇ ಹಾಟ್ ಡಿಪ್ ಅನ್ನುವುದು. ಹಾಗೆ ಅದ್ದಿದ ಪಟ್ಟಿಯ ತೂತಿನೊಳಗೂ ಸತು ಇರುತ್ತದೆ, ಅಂಚಿನಲ್ಲಿ ಮೇಣ ಇಳಿದಂಥ ಹನಿಗಳೂ ಇರುತ್ತವೆ. ಇದರ ಬದಲು ಮೊದಲೇ ಸತು ಲೇಪಿಸಿದ ಶೀಟಿನಿಂದ ಮಾಡಿದ ಪರ್ಲಿನ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ. ಎರಡೂ ಹೊಳೆಯುತ್ತವೆ, ಎರಡಕ್ಕೂ ಜಿಐ ಅಂತಲೇ ಹೆಸರು. ವ್ಯತ್ಯಾಸ ಲೇಪದ ದಪ್ಪದಲ್ಲಿ. ಚದರ ಮೀಟರಿಗೆ 275 ಗ್ರಾಂ ಸತುವಿನ ಶೀಟ್ ಅಂದರೆ ಎರಡೂ ಬದಿ ಸೇರಿ ಆ ತೂಕ, ಒಂದು ಬದಿಗೆ ಲೆಕ್ಕ ಹಾಕಿದರೆ ಸುಮಾರು 19 ಮೈಕ್ರಾನ್. ಸೋಲಾರ್ ಟೆಂಡರ್‌ಗಳಲ್ಲಿ ಹಾಟ್ ಡಿಪ್‌ಗೆ ಸಾಮಾನ್ಯವಾಗಿ ಕೇಳುವುದು 80 ಮೈಕ್ರಾನ್. ಒಳನಾಡಿನ ಪುಣೆಯಲ್ಲಿ ತೆಳು ಲೇಪ ಹೇಗೋ ಕಾಲ ತಳ್ಳೀತು, ಕಡಲ ಪಕ್ಕದ ಮುಂಬೈಯಲ್ಲಿ ಕಷ್ಟ. ಲೇಪ ಅಳೆಯುವ ಪುಟ್ಟ ಮೀಟರ್ ಫ್ಯಾಬ್ರಿಕೇಟರ್‌ಗಳ ಬಳಿ ಇರುತ್ತದೆ. ಹಣ ಕೊಡುವ ಮೊದಲು ನಾಲ್ಕು ಕಡೆ ಇಟ್ಟು ತೋರಿಸಿ ಅನ್ನಿ.

ಸಣ್ಣ ಕೆಂಪು ಜಾಗಕ್ಕೆ ರಿಪೇರಿ ಇದೆ. ವೈರ್ ಬ್ರಷ್‌ನಿಂದ ಬಿಳಿ ಲೋಹ ಕಾಣುವ ತನಕ ಉಜ್ಜಿ, ಥಿನ್ನರ್‌ನಿಂದ ಒರೆಸಿ, ಸತು ಜಾಸ್ತಿ ಇರುವ ಝಿಂಕ್ ರಿಚ್ ಪೇಂಟ್ ಎರಡು ಕೋಟ್. ಬೆಳ್ಳಿ ಬಣ್ಣದ ಸಾದಾ ಅಲ್ಯೂಮಿನಿಯಂ ಪೇಂಟ್ ಬಳಿದರೆ ತುಕ್ಕು ಮುಚ್ಚುತ್ತದೆ ಅಷ್ಟೇ, ಒಳಗೆ ಅದು ತನ್ನ ಕೆಲಸ ಮುಂದುವರಿಸುತ್ತದೆ. ಸತು ಲೇಪಿಸಿದ ಕಬ್ಬಿಣಕ್ಕೆ ಸೈಟಿನಲ್ಲಿ ವೆಲ್ಡಿಂಗ್ ಮಾಡಿಸಬೇಡಿ. ಆ ಹೊಗೆ ಕುಡಿದ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಬರುತ್ತದೆ, ಲೇಪವೂ ಸುಟ್ಟುಹೋಗುತ್ತದೆ. ಬೋಲ್ಟ್ ಹಾಕುವ ಬ್ರಾಕೆಟ್ ಇರುವುದೇ ಇದಕ್ಕೆ.

ಪರ್ಲಿನ್‌ನ ಸಿ ಹೊಟ್ಟೆಯೊಳಗೆ ಬೆರಳು ಹಾಕಿ ನೋಡುವುದನ್ನು ಮರೆಯಬೇಡಿ, ಕೈಗವಸು ಇರಲಿ. ಧೂಳು, ಪಾರಿವಾಳದ ಹಿಕ್ಕೆ, ಮಳೆನೀರು ಸೇರಿ ಕೆಸರಾಗಿ ಕೂತಿರುತ್ತದೆ. ಹೊರಗೆ ಚೆಂದ ಕಾಣುವ ಪಟ್ಟಿ ಒಳಗಿನಿಂದ ತಿನ್ನಿಸಿಕೊಳ್ಳುವುದು ಹೀಗೆ. ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದಾಗ ಲೋಹ ಪದರ ಪದರವಾಗಿ ಎದ್ದರೆ ಅಲ್ಲಿಗೆ ನಿಲ್ಲಿಸಿ. ಅದು ಪೇಂಟಿನಿಂದ ಸರಿ ಹೋಗುವ ಹಂತ ದಾಟಿದೆ, ಪಟ್ಟಿ ಬದಲಿಸಬೇಕು.

ಅರ್ಥಿಂಗ್‌ಗೆ ಬರೀ ತಾಮ್ರದ ತಂತಿಯನ್ನು ಸತು ಅಥವಾ ಅಲ್ಯೂಮಿನಿಯಂಗೆ ನೇರ ಸುತ್ತಿದ್ದರೆ ಆ ಜಾಗ ಬೇಗ ತಿಂದುಹೋಗುತ್ತದೆ. ತಂತಿಯ ತುದಿಗೆ ತವರ ಲೇಪಿಸಿದ ಲಗ್ ಹಾಕಿಸಿ.

ಕೆಳಗಿನ ಮನೆಯ ಸೀಲಿಂಗ್ ಒದ್ದೆ

ಹೌಸಿಂಗ್ ಸೊಸೈಟಿಯಲ್ಲಿ ಜಗಳ ಹುಟ್ಟುವುದು ಇಲ್ಲೇ. ಟಾಪ್ ಫ್ಲೋರ್‌ನವರು ಸೋಲಾರ್ ಅನ್ನುತ್ತಾರೆ, ಸೆಕ್ರೆಟರಿ ಹಳೇ ಲೀಕೇಜ್ ಅನ್ನುತ್ತಾರೆ. ಇಬ್ಬರೂ ಸರಿ ಇರಬಹುದು.

ಮುಂಬೈಯ ಹಳೆ ತಾರಸಿಗಳಲ್ಲಿ ಸ್ಲ್ಯಾಬ್ ಮೇಲೆ ಇಟ್ಟಿಗೆ ಚೂರು ಹಾಕಿ ಮಾಡಿದ ಬ್ರಿಕ್‌ಬ್ಯಾಟ್ ಕೋಬಾ ಇರುತ್ತದೆ. ಬೇಸ್‌ಪ್ಲೇಟ್ ಬೋಲ್ಟ್ ಕೊರೆದಾಗ ಆ ಪದರ ಸೀಳುತ್ತದೆ. ನೀರು ಕೋಬಾದೊಳಗೆ ಇಳಿದು, ಇಳಿಜಾರು ಹಿಡಿದು ದೂರ ಹರಿದು, ಎಲ್ಲೋ ಒಂದು ಕಡೆ ಸ್ಲ್ಯಾಬಿನ ಬಿರುಕಿನಿಂದ ಕೆಳಗೆ ತೊಟ್ಟಿಕ್ಕುತ್ತದೆ. ಆದ್ದರಿಂದ ಒದ್ದೆ ಕಲೆಯ ನೇರ ಮೇಲಿನ ಕಾಲೇ ಅಪರಾಧಿ ಅಂತ ತೀರ್ಮಾನಿಸಬೇಡಿ.

ಮೊದಲು ಖರ್ಚಿಲ್ಲದ ನೋಟ. ಕಾಲಿನ ಬುಡದ ಕಾಂಕ್ರೀಟ್ ದಿಮ್ಮಿ ನೀರು ಹರಿಯುವ ದಾರಿಗೆ ಅಡ್ಡ ಬಂದಿದೆಯೇ? ದಿಮ್ಮಿಯ ಹಿಂದೆ ಪಾಚಿ, ಕೆಸರಿನ ಗೆರೆ ಇದ್ದರೆ ಅಲ್ಲಿ ನೀರು ನಿಲ್ಲುತ್ತಿದೆ. ಆಮೇಲೆ ಬೇಸಿಗೆಯಲ್ಲಿ ಒಂದು ಪರೀಕ್ಷೆ. ತಗ್ಗಿನ ಕಡೆಯ ಕಾಲಿನಿಂದ ಶುರು ಮಾಡಿ, ಒಂದು ಬುಡದ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ ನೀರು ತುಂಬಿಸಿ ಒಂದು ದಿನ ಬಿಡಿ. ಕೆಳಗೆ ಒದ್ದೆ ಬರದಿದ್ದರೆ ಮುಂದಿನ ಕಾಲು. ಬೇಸರದ ಕೆಲಸ, ಆದರೆ ಇಡೀ ತಾರಸಿಗೆ ನೀರು ಬಿಟ್ಟು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ತಪ್ಪಿತಸ್ಥ ಕಾಲು ಸಿಕ್ಕ ಮೇಲೆ ಸುಮ್ನೆ ಸಿಲಿಕೋನ್ ಒತ್ತಿ ಬರಬೇಡಿ, ಒಂದೆರಡು ಬಿಸಿಲಿಗೆ ಅದು ಕಿತ್ತು ಬರುತ್ತದೆ. ಬುಡ ಬಿಡಿಸಿ, ಹೊಸದಾಗಿ ಗ್ರೌಟ್ (ಸಂದು ತುಂಬುವ ತೆಳು ಗಾರೆ) ತುಂಬಿ, ದಿಮ್ಮಿಯ ಬದಿಗೂ ಹತ್ತುವಂತೆ ವಾಟರ್‌ಪ್ರೂಫಿಂಗ್ ಮಾಡಿಸಬೇಕು. ಸೀಲಿಂಗಿನಲ್ಲಿ ಸಿಮೆಂಟ್ ಉದುರಿ ಕಂಬಿ ಕಾಣುತ್ತಿದ್ದರೆ ಮಾತ್ರ ಇದು ಸೋಲಾರಿನವರ ಕೆಲಸವೇ ಅಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಬರಬೇಕು. ಮಹಾರಾಷ್ಟ್ರದ ಸೊಸೈಟಿ ಮಾದರಿ ಉಪವಿಧಿಗಳ ಪ್ರಕಾರ 15ರಿಂದ 30 ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, ಅದಕ್ಕೂ ಹಳೆಯದಕ್ಕೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಇದ್ದೇ ಇದೆ. ಆ ವರದಿ ಕೇಳಿ ತೆಗೆದುಕೊಳ್ಳಿ.

ಪುಣೆ ಪಕ್ಕದ ಭೋಸರಿ, ಚಾಕಣ್ ಕಡೆಯ ಪತ್ರಾ (ತಗಡು) ಶೆಡ್‌ಗಳಲ್ಲಿ ಸೋರಿಕೆ ಸ್ಕ್ರೂ ತಲೆಯಿಂದಲೇ. ರಬ್ಬರ್ ವಾಷರ್ ಪೂರ್ತಿ ಹಿಂಡಿ ಹೊರಗೆ ಬಂದಿದ್ದರೆ ಜಾಸ್ತಿ ಬಿಗಿ, ತಿರುಗುತ್ತಿದ್ದರೆ ಕಡಿಮೆ. ಸ್ಕ್ರೂ ಬರೀ ಪತ್ರಾಕ್ಕೆ ಕಚ್ಚಿದೆಯೋ, ಕೆಳಗಿನ ಶೆಡ್ ಪರ್ಲಿನ್‌ಗೆ ತಲುಪಿದೆಯೋ ಅಂತ ಒಳಗಿನಿಂದ ನೋಡಿ. ಪಾರದರ್ಶಕ ಶೀಟ್ ಮೇಲೆ ಕಾಲಿಟ್ಟರೆ ನೇರ ಕೆಳಗೆ. ಗೋವಾದ ಹೆಂಚಿನ ಮನೆಗಳಲ್ಲಿ ಬ್ರಾಕೆಟ್ ಹೆಂಚಿನ ಮೇಲೆ ಭಾರ ಹಾಕಬಾರದು, ಕೊಕ್ಕೆ ಮರದ ಪಕಾಸಿಗೆ ಕೂತಿರಬೇಕು. ಕೊಕ್ಕೆಯ ಬಳಿಯೇ ಹೆಂಚು ಒಡೆಯುತ್ತಿದ್ದರೆ ಅದು ಹೆಂಚಿಗೆ ತಾಗುತ್ತಿದೆ ಅಂತ ತಿಳಿಯಿರಿ.

ಗಾಜು ಒಡೆದಿದೆ, ಯಾರೂ ಕಲ್ಲು ಹೊಡೆದಿಲ್ಲ

ಬಿರುಕು ಎಲ್ಲಿಂದ ಶುರುವಾಗಿದೆ ನೋಡಿ. ಗಾಜಿನ ನಡುವೆ ಒಂದು ಚುಕ್ಕೆಯಿಂದ ಸುತ್ತ ಹರಡಿದ್ದರೆ ಕ್ರಿಕೆಟ್ ಬಾಲು, ತೆಂಗಿನಕಾಯಿ, ಹೀಗೆ ಏನೋ ಬಿದ್ದಿದೆ. ಕ್ಲ್ಯಾಂಪಿನ ಪಕ್ಕದ ಅಂಚಿನಿಂದ ಶುರುವಾಗಿದ್ದರೆ ಕಬ್ಬಿಣದ ತಪ್ಪು: ಜಾಸ್ತಿ ಬಿಗಿ, ತಿರುಚಿದ ಹಾಸು, ಅಥವಾ ಪ್ಯಾನೆಲ್ ಕೆಳಗೆ ಬೋಲ್ಟ್ ತಲೆ ಚುಚ್ಚುತ್ತಿರುವುದು. ಕಾರಣ ಸರಿ ಮಾಡದೆ ಹೊಸ ಪ್ಯಾನೆಲ್ ಕೂರಿಸಿದರೆ ಅದೂ ಒಡೆಯುತ್ತದೆ. ಒಡೆದ ಪ್ಯಾನೆಲ್ ಒದ್ದೆ ಇದ್ದಾಗ ಅದನ್ನೂ, ಆ ಸಾಲಿನ ಕಬ್ಬಿಣವನ್ನೂ ಮುಟ್ಟಬೇಡಿ.

ಮಳೆ ಬಂದ ದಿನ ಇನ್ವರ್ಟರ್ ನಿಲ್ಲುತ್ತದೆ, ಅಥವಾ ಚೌಕಟ್ಟು ಮುಟ್ಟಿದರೆ ಜುಮ್ಮೆನ್ನುತ್ತದೆ

ಇನ್ವರ್ಟರ್ ಪರದೆಯಲ್ಲಿ ಇನ್ಸುಲೇಶನ್ ಫಾಲ್ಟ್ ಅಂತ ಬಂದು, ಬಿಸಿಲೇರಿದ ಮೇಲೆ ತಾನಾಗಿ ಸರಿ ಹೋದರೆ ಎಲ್ಲೋ ಕೇಬಲ್‌ಗೆ ನೀರು ತಾಗುತ್ತಿದೆ. ಇನ್ವರ್ಟರ್ ಕೆಟ್ಟಿದೆ ಅಂತ ಹಾರುವ ಮೊದಲು ಪರ್ಲಿನ್ ನೋಡಬೇಕು. ಚೆಂದ ಕಾಣಲಿ ಅಂತ ಕೇಬಲ್, ಕನೆಕ್ಟರ್ ಎಲ್ಲ ಸಿ ಪಟ್ಟಿಯ ಹೊಟ್ಟೆಗೆ ತುರುಕಿರುತ್ತಾರೆ. ಮಳೆಯಲ್ಲಿ ಅದೇ ನೀರು ನಿಲ್ಲುವ ಕಾಲುವೆ. ಇನ್ನೊಂದು ಜಾಗ ಪಟ್ಟಿಯ ಕತ್ತರಿಸಿದ ತುದಿ. ಬ್ಲೇಡಿನಂಥ ಆ ಅಂಚಿನ ಮೇಲೆ ಕೇಬಲ್ ಗಾಳಿಗೆ ಉಜ್ಜಿ ಉಜ್ಜಿ ಸಿಪ್ಪೆ ಹೋಗಿರುತ್ತದೆ.

ನೀವು ಮಾಡಬೇಕಾದ್ದು ಇಷ್ಟೇ: ಒಣ ದಿನ, ದೂರದಿಂದ, ಜೂಮ್ ಮಾಡಿ ಫೋಟೋ ತೆಗೆಯಿರಿ. ಕೈ ಹಾಕಬೇಡಿ. ಜುಮ್ಮೆನ್ನುವ ಅನುಭವ ಒಂದು ಸಲ ಆದರೂ ತಾರಸಿಗೆ ಬೀಗ ಹಾಕಿ, ಎಲ್ಲರಿಗೂ ತಿಳಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಯಿರಿ. ಅಲ್ಯೂಮಿನಿಯಂ ಚೌಕಟ್ಟಿನ ಮೇಲ್ಪದರ ಕರೆಂಟ್ ಹರಿಯಲು ಬಿಡುವುದಿಲ್ಲ. ಬರೀ ಕ್ಲ್ಯಾಂಪ್ ಕೂತಿದೆ ಅಂದರೆ ಅರ್ಥಿಂಗ್ ಸಿಕ್ಕಿತು ಅಂತಲ್ಲ. ಪದರವನ್ನು ಕಚ್ಚುವ ಹಲ್ಲಿನ ವಾಷರ್ ಅಥವಾ ಪ್ರತ್ಯೇಕ ಲಗ್ ಇದೆಯೇ ಅಂತ ಅವರಿಂದ ನೋಡಿಸಿ.

ಇಡೀ ಸ್ಟ್ರಕ್ಚರ್ ತೂಗಾಡುತ್ತದೆ, ಕಾಲು ಎದ್ದಿದೆ

ಇಲ್ಲಿ ಸ್ವಂತ ರಿಪೇರಿ ಬೇಡ. ಯಾಕೆ ಅಂತ ಲೆಕ್ಕ ನೋಡಿ. ಗಾಳಿಯ ಭಾರಕ್ಕೆ ಇರುವ ಐಎಸ್ 875ರ 3ನೇ ಭಾಗದಲ್ಲಿ ಮುಂಬೈಗೆ ಮೂಲ ವೇಗ ಸೆಕೆಂಡಿಗೆ 44 ಮೀಟರ್, ಪುಣೆಗೆ 39. ಒತ್ತಡದ ಸೂತ್ರ 0.6 ಗುಣಿಸು ವೇಗದ ವರ್ಗ. ಮುಂಬೈ ವೇಗಕ್ಕೆ ಚದರ ಮೀಟರಿಗೆ ಸುಮಾರು 1160 ನ್ಯೂಟನ್. ಎರಡೂವರೆ ಚದರ ಮೀಟರ್ ದಾಟುವ ಒಂದು ಪ್ಯಾನೆಲ್ ಮೇಲೆ ಸುಮಾರು 300 ಕಿಲೋ ಬಲ. ಪ್ಯಾನೆಲ್ ತೂಕ 28 ಕಿಲೋ. ಕಟ್ಟಡದ ಎತ್ತರ, ಮೂಲೆ, ಓರೆ ಕೋನ ನೋಡಿ ಇದು ಹೆಚ್ಚು ಕಡಿಮೆ ಆಗುತ್ತದೆ, ಆದರೆ ಅಂದಾಜು ಸಿಕ್ಕಿತಲ್ವಾ? ಒಂದಡಿ ಅಗಲ, ಒಂದಡಿ ಎತ್ತರದ ಕಾಂಕ್ರೀಟ್ ದಿಮ್ಮಿ ತೂಗುವುದು ಬರೀ 65 ಕಿಲೋ ಆಸುಪಾಸು. ಸ್ಲ್ಯಾಬಿಗೆ ಕೊರೆದು ಕೂರಿಸುವ ಆಂಕರ್ ಬೋಲ್ಟ್ ಇಲ್ಲದೆ ನಾಲ್ಕು ದಿಮ್ಮಿ ನಂಬಿ ಕೂತ ಸ್ಟ್ರಕ್ಚರ್ ಎದ್ದರೆ ಆಶ್ಚರ್ಯ ಪಡಬೇಕಿಲ್ಲ. 2020ರ ಜೂನ್ 3ಕ್ಕೆ ಅಲಿಬಾಗ್ ಹತ್ತಿರ ದಡಕ್ಕೆ ಬಂದ ನಿಸರ್ಗ ಚಂಡಮಾರುತ, 2021ರ ಮೇ ತಿಂಗಳಲ್ಲಿ ಗೋವಾ, ಮುಂಬೈ ಪಕ್ಕದಿಂದ ಹೋದ ತೌಕ್ತೆ, ಎರಡೂ ಈ ತೀರಕ್ಕೆ ಹೊಸತಲ್ಲದ ಗಾಳಿ ಅನ್ನುವುದನ್ನು ತೋರಿಸಿವೆ.

ಬುಡದ ದಿಮ್ಮಿ ಮತ್ತು ತಾರಸಿ ನಡುವೆ ಹೊಸ ಸಂದು, ಬೇಸ್‌ಪ್ಲೇಟ್ ಕೆಳಗೆ ಗ್ರೌಟ್ ಬಿರುಕು, ಬಾಗಿದ ಬ್ರಾಕೆಟ್, ಸುತ್ತಿಗೆಯಿಂದ ತಟ್ಟಿದಾಗ ಬುಡ ಟೊಳ್ಳು ಸದ್ದು, ಇವುಗಳಲ್ಲಿ ಒಂದು ಕಂಡರೂ ಕೆಳಗಿನ ಓಣಿಯಲ್ಲಿ ಗಾಡಿ ನಿಲ್ಲಿಸುವುದನ್ನು ತಡೆಯಿರಿ, ಇಂಜಿನಿಯರ್ ಕರೆಸಿ. ಹಗ್ಗ ಕಟ್ಟಿ ಪ್ಯಾರಾಪೆಟ್‌ಗೆ ಬಿಗಿಯುವವರಿದ್ದಾರೆ. ಪ್ಯಾರಾಪೆಟ್ ಗೋಡೆ ಆ ಎಳೆತಕ್ಕೆ ಕಟ್ಟಿದ್ದಲ್ಲ, ಅದೂ ಜೊತೆಗೆ ಹೋಗುತ್ತದೆ.

ಕರೆಯುವಾಗ ಏನು ಕೊಡಬೇಕು

2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸಬ್ಸಿಡಿ ಪಡೆದ ಮನೆಯಾದರೆ 5 ವರ್ಷದ ನಿರ್ವಹಣೆ ವೆಂಡರ್ ಹೊಣೆ, ಹಾಗಾಗಿ ಮೊದಲ ಫೋನ್ ಅವರಿಗೆ. ನೀವೇ ಏನಾದರೂ ಬಿಚ್ಚಿ ಜೋಡಿಸಿದ ಮೇಲೆ ಫೋನ್ ಮಾಡಿದರೆ ಜಾರಿಕೊಳ್ಳಲು ಅವರಿಗೆ ದಾರಿ ಸಿಗುತ್ತದೆ. ಇಡೀ ಸಾಲಿನ ಒಂದು ಫೋಟೋ, ತೊಂದರೆಯ ಜಾಗ ಹತ್ತಿರದಿಂದ ಸ್ಕೇಲ್ ಇಟ್ಟು ಒಂದು, ಮಾರ್ಕರ್ ಗೆರೆ ಸರಿದದ್ದರ ಒಂದು, ಇನ್ವರ್ಟರ್ ಪರದೆಯ ಒಂದು. ಜೊತೆಗೆ ಪರ್ಲಿನ್ ದಪ್ಪ, ಅಂತರ, ದಾರ ಹಿಡಿದು ಅಳೆದ ಬಾಗು. ಇಷ್ಟು ವಾಟ್ಸಾಪ್ ಮಾಡಿದರೆ ಬರುವವರು ಸರಿಯಾದ ಸಾಮಾನು ಹಿಡಿದೇ ಬರುತ್ತಾರೆ.

ಮತ್ತೆ, ಮೇ ಎರಡನೇ ವಾರದೊಳಗೆ ಕರೆಯಿರಿ. ಜೂನ್ ಬಂತು ಅಂದರೆ ಎಲ್ಲ ಕೆಲಸದವರೂ ಬಿಡುವಿಲ್ಲದೆ ಓಡುತ್ತಿರುತ್ತಾರೆ. ಒದ್ದೆ ಕಬ್ಬಿಣಕ್ಕೆ ಝಿಂಕ್ ಪೇಂಟ್ ಹಿಡಿಯುವುದಿಲ್ಲ, ನೀರು ತುಂಬಿದ ತೂತಿನಲ್ಲಿ ಕೆಮಿಕಲ್ ಆಂಕರೂ ಸರಿಯಾಗಿ ಕಚ್ಚುವುದಿಲ್ಲ.